ಅಕ್ಕನ ಅಳತೆಯ ಅಡುಗೆಮನೆ

ನಮ್ಮ ಅತ್ತೆಯ ಮನೆ ಚಿನ್ನದ ಗಣಿಗಿಂತ ಹಳೆಯದು. ಊರಿಗಾಂನಲ್ಲಿ ಬಿಳಿ ದೊರೆಗಳ ಬಂಗಲೆ, ಕೂಲಿಯವರ ಲೈನು ಮನೆ, ದೊಡ್ಡ ಚಕ್ರ ಹೊತ್ತ ಗೋಪುರ ಇವೆಲ್ಲ ಏಳುವ ಮೊದಲೇ ನನ್ನ ಗಂಡನ ಮುತ್ತಜ್ಜ ಹೊಲದ ನಡುವೆ ಕಟ್ಟಿಸಿದ ಮಾಳಿಗೆ ಮನೆ ಅದು. ಮೊಳಕ್ಕೂ ಮೀರಿದ ದಪ್ಪದ ಮಣ್ಣಿನ ಗೋಡೆ, ಬಂಡೆಯಿಂದ ಸೀಳಿ ತಂದ ಕಲ್ಲಿನ ಕಂಬ, ನಡುವೆ ಬಿಸಿಲು ಬೀಳುವ ತೊಟ್ಟಿ. ತಲೆಬಾಗಿಲಿನ ಚೌಕಟ್ಟಿನಲ್ಲಿ ಬಳ್ಳಿ, ಗಿಣಿ ಕೆತ್ತಿದ್ದರು. ನಾನು ಕ್ಯಾಸಂಬಳ್ಳಿಯಿಂದ ಮದುವೆಯಾಗಿ ಬಂದಾಗ ಸುತ್ತಲಿನ ಹೊಲ ಬಹಳ ಕಡಿಮೆಯಾಗಿತ್ತು. ಮನೆಯ ಪಡುವಣಕ್ಕೆ ಸೈನೈಡ್ ದಿಬ್ಬ ಬೆಳೆಯುತ್ತಿತ್ತು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯನ್ನು ಅಲ್ಲಿ ಸುರಿಯುತ್ತಿದ್ದರು. ಗಾಳಿ ಎದ್ದರೆ ಆ ನುಣುಪು ಧೂಳು ಒಣಗಹಾಕಿದ ಸೀರೆಯ ಮೇಲೂ ಎಮ್ಮೆಗಳ ಬೆನ್ನ ಮೇಲೂ ಕೂರುತ್ತಿತ್ತು.

ಮನೆಯಲ್ಲಿ ಇದ್ದವರು ಐದು ಜನ. ಮಾವ ತೀರಿಕೊಂಡಿದ್ದರು, ಅತ್ತೆಯದೇ ಯಜಮಾನಿಕೆ. ಹಿರಿಯ ಮಗ, ಅಂದರೆ ನನ್ನ ಬಾವ, ಉಳಿದ ಹೊಲ ಮತ್ತು ಎಮ್ಮೆಗಳನ್ನು ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಗಣಿಯ ಮರಗೆಲಸದ ಶೆಡ್ಡಿನಲ್ಲಿದ್ದರು. ಸುರಂಗದಲ್ಲಿ ಬಂಡೆ ಕುಸಿಯದಂತೆ ಕೊಡುವ ಮರದ ಆನಿಕೆಗಳನ್ನು ಕೊಯ್ದು ಜೋಡಿಸುವುದು ಅವರ ಕೆಲಸ. ಬಾವನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ನನಗಿಂತ ಬಹಳ ದೊಡ್ಡವರು. ಅವರ ಒಬ್ಬಳೇ ಮಗಳು ಆಗಲೇ ಮದುವೆಯಾಗಿ ಮುಳಬಾಗಿಲ ಕಡೆಗೆ ಹೋಗಿದ್ದಳು. ಅಕ್ಕ ಎತ್ತರದ ಆಳು, ದೊಡ್ಡ ನಗೆ. ಹೊಸ ಸೊಸೆ ಎಂದು ನನ್ನನ್ನು ಒಂದು ದಿನವೂ ಗದರಿಸಿದವರಲ್ಲ.

ಆ ಮನೆಯಲ್ಲಿ ಎಲ್ಲವೂ ಚೆಂದ, ಅಡುಗೆಮನೆಯೊಂದು ಬಿಟ್ಟು. ದೇವರ ಕೋಣೆಯ ಹಿಂದಿನ ಮೂಲೆಯಲ್ಲಿ, ತಲೆ ತಗ್ಗಿಸಿ ನುಗ್ಗಬೇಕಾದ ಒಂದು ಬಾಗಿಲು. ಕಿಟಕಿ ಇಲ್ಲ. ಹೊಗೆ ಹೋಗುವುದಕ್ಕೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅಷ್ಟೇ. ನೆಲದ ಮೇಲೆ ಮೂರು ಕಣ್ಣಿನ ಒಲೆ. ಬಾಗಿಲ ಪಕ್ಕದಲ್ಲೇ ಎದೆಮಟ್ಟದ ಸೌದೆಯ ರಾಶಿ. ಮುತ್ತಜ್ಜನ ಹೆಂಡತಿ ಹಚ್ಚಿದ ಒಲೆ ಎಂದು ಅತ್ತೆ ಅದನ್ನು ದಿನಾ ಸಾರಿಸಿ, ಕೆಮ್ಮಣ್ಣು ಬಳಿದು, ಕೈಮುಗಿಯುತ್ತಿದ್ದರು.

ಬೆಂಕಿ ಹತ್ತಿದ ದಿನ ನಾನು ತೌರಿನಲ್ಲಿದ್ದೆ. ಆಮೇಲೆ ಕೇಳಿದ್ದನ್ನೇ ಹೇಳುತ್ತೇನೆ. ಅಕ್ಕ ಮುದ್ದೆಯ ಗಡಿಗೆ ಇಳಿಸಲು ಬಗ್ಗಿದಾಗ ಸೆರಗು ಒಲೆಯ ಪಕ್ಕದ ಕಣ್ಣಿಗೆ ತಾಗಿತು. ಉರಿ ಮೈಗೆ ಬಂದ ಮೇಲೇ ಗೊತ್ತಾದದ್ದು. ಎದ್ದು ಓಡುವ ಗಾಬರಿಯಲ್ಲಿ ಸೌದೆ ರಾಶಿಗೆ ಬಡಿದರು. ಅದು ಬಾಗಿಲ ಹಿಂದೆ ಕುಸಿಯಿತು. ಬಾಗಿಲು ಒಳಕ್ಕೆ ತೆರೆಯುವಂಥದು. ಹೊರಗಿನಿಂದ ಎಷ್ಟು ನೂಕಿದರೂ ಸೌದೆ ಅಡ್ಡ. ಬಾವ ಭುಜ ಕೊಟ್ಟು ಗುದ್ದಿ, ಹಲಗೆ ಒಡೆದು, ಗೋಣಿಚೀಲದಲ್ಲಿ ಹೆಂಡತಿಯನ್ನು ಸುತ್ತಿ ಎಳೆದು ತಂದರು. ಅವರ ಅಂಗೈಗಳೂ ಬೆಂದವು.

ಅಕ್ಕ ಆಸ್ಪತ್ರೆಯಿಂದ ಬಂದಾಗ ಜೀವ ಉಳಿದಿತ್ತು, ಬಲಗೈ ಉಳಿದಿರಲಿಲ್ಲ. ಕೈ ಇತ್ತು ಅನ್ನಿ. ಆದರೆ ಮೊಣಕೈ ಮಡಿಸಿದ ಹಾಗೆಯೇ ಚರ್ಮ ಎಳೆದು ಕೂಡಿಕೊಂಡು, ಬಿಚ್ಚುತ್ತಲೇ ಇರಲಿಲ್ಲ. ಕತ್ತಿನ ಒಂದು ಪಕ್ಕವೂ ಹಾಗೆಯೇ. ನೆಲದ ಮೇಲೆ ಕೂತರೆ ಏಳುವುದಕ್ಕೆ ಇನ್ನೊಬ್ಬರು ಬೇಕು. ಆ ದೊಡ್ಡ ನಗೆ ಎಲ್ಲಿ ಹೋಯಿತೋ ತಿಳಿಯದು. ತೊಟ್ಟಿಯ ಕಂಬಕ್ಕೆ ಒರಗಿ ದಿನವಿಡೀ ನಿಂತಿರುತ್ತಿದ್ದರು.

ಅಡುಗೆ ನನ್ನ ತಲೆಗೆ ಬಂತು. ನಾನು ಆಗ ಮೊದಲ ಬಸುರಿ. ಹೊಗೆಗೆ ವಾಂತಿ ಬರುತ್ತಿತ್ತು. ಒಂದು ಸಂಜೆ ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತ, ಯಾರಿಗೂ ಹೇಳದವರಂತೆ ಹೇಳಿದರು:

"ಈ ಮನೆ ಒಲೆಗೆ ಇನ್ನೊಂದು ಕೈ ಬೇಕು. ಬಂಗಾರಪೇಟೆ ಆಚೆ ಒಂದು ಎಣ್ಣು ಐತಂತೆ. ದೊಡ್ಡೋನಿಗೆ ಯೋಳಿದೀನಿ."

ಅಲ್ಲೇ ಇದ್ದ ಬಾವ ಬೇಡ ಎನ್ನಲಿಲ್ಲ. ಕಂಬದ ಹತ್ತಿರ ನಿಂತಿದ್ದ ಅಕ್ಕನಿಗೆ ಒಂದೊಂದು ಮಾತೂ ಕೇಳಿಸಿತು. ಅವರು ಮುಖ ಆ ಕಡೆ ತಿರುಗಿಸಿಕೊಂಡರು.

ಅಂದಿನಿಂದ ನನಗೆ ಅದೊಂದೇ ಚಿಂತೆ. ಅಕ್ಕ ಮತ್ತೆ ಒಲೆಯ ಮುಂದೆ ನಿಂತರೆ ಎರಡನೆಯ ಮದುವೆಯ ಮಾತು ತಾನಾಗಿ ನಿಲ್ಲುತ್ತದೆ ಎಂದುಕೊಂಡೆ. ಮಾತು ಅಡುಗೆಯದೇ ಎಂದು ಅತ್ತೆ ಹೇಳಿದ್ದನ್ನು ನಂಬಿದ್ದೆ.

ಒಂದು ಬಂಗಲೆಗೆ ನಾವು ಹಾಲು ಹಾಕುತ್ತಿದ್ದೆವು. ಅಕ್ಕ ಮಾಡುತ್ತಿದ್ದ ಆ ಕೆಲಸವೂ ನನಗೆ ಬಂದಿತ್ತು. ಬಂಗಲೆಯ ಹಿತ್ತಿಲಲ್ಲಿ ಅಡುಗೆಮನೆ ಬೇರೆಯೇ ಇತ್ತು. ಅಲ್ಲಿ ಸೊಂಟದೆತ್ತರಕ್ಕೆ ಇಟ್ಟಿಗೆಯ ಕಟ್ಟೆ, ಕಟ್ಟೆಯ ಮೇಲೆ ಒಲೆ, ಹೊಗೆಗೆ ಗೋಡೆಯೊಳಗೇ ದಾರಿ. ಅಡುಗೆಯವರು ವಯಸ್ಸಾದ ತಮಿಳರೊಬ್ಬರು, ನಿಂತುಕೊಂಡೇ ಬೇಯಿಸುತ್ತಿದ್ದರು. ಹಾಲು ಅಳೆದಾದ ಮೇಲೂ ನಾನು ಹೊಸ್ತಿಲಲ್ಲಿ ನಿಂತದ್ದು ಕಂಡು ಕೇಳಿದರು:

"ಎನ್ನಮ್ಮಾ, ಒಲೆ ಎಂದೂ ನೋಡ್ಲಿಲ್ವಾ?"

"ಇಂಗೆ ನಿಂತಿರೋ ಒಲೆ ನೋಡಿಲ್ಲ ತಾತಾ. ನಿಂತೇ ಮಾಡಿದ್ರೆ ಕಾಲು ನೋಯಕಿಲ್ವಾ?"

"ನೋಯ್ತದೆ. ಆದ್ರೆ ನನ್ನ ಉಡುಪಿಗೆ ಉರಿ ತಾಗಲ್ಲ ನೋಡು," ಎಂದು ಕಟ್ಟೆಯ ಅಂಚು ತೋರಿಸಿದರು. ಒಲೆಯ ಬಾಯಿ ಅಂಚಿನಿಂದ ಒಂದು ಗೇಣು ಒಳಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮರಗೆಲಸದ ಮನುಷ್ಯ. ಅಳತೆಯ ಮಾತೆಂದರೆ ಕಿವಿ ನೆಟ್ಟಗಾಗುತ್ತಿತ್ತು. ಹಳೆಯ ಅಡುಗೆಮನೆ ಮುಟ್ಟಲು ಅತ್ತೆ ಬಿಡುವುದಿಲ್ಲ. ಆದರೆ ಪಡುವಣದಲ್ಲಿ ಕಣಜದ ಕೋಣೆ ಇತ್ತು. ಹೊಲ ಕಡಿಮೆಯಾದ ಮೇಲೆ ಅದು ತುಂಬುವುದು ನಿಂತಿತ್ತು. ಗೂಡೆ, ಮುರಿದ ನೇಗಿಲು ಬಿದ್ದಿದ್ದವು. ಉದ್ದನೆಯ ಕೋಣೆ, ನಿಲ್ಲಲು ಎತ್ತರ ಸಾಲುತ್ತಿತ್ತು. ಅದನ್ನೇ ಕೇಳಿದೆವು. ಅತ್ತೆ, "ನಿಂತ್ಕೊಂಡು ರಾಗಿ ಇಟ್ಟು ತಿರುವಕೆ ನಾವೇನು ದೊರೆಗಳಾ?" ಎಂದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, "ಏನಾನ ಮಾಡ್ಕಳಿ. ನನ್ನ ಒಲೆ ಮಾತ್ರ ಮುಟ್ಟಬ್ಯಾಡಿ," ಎಂದರು.

ಅಕ್ಕನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಇದ್ದಿಲಿನಿಂದ ಅವರ ಎಡ ಮೊಣಕೈ ಎತ್ತರ ಗುರುತು ಹಾಕಿದೆ. ಕಟ್ಟೆ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು. ಎಡಗೈ ಚಾಚಿದರೆ ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿ ಉಪ್ಪು ಮೆಣಸಿನಕಾಯಿಗೆ ಗೋಡೆಯಲ್ಲಿ ಗೂಡು. ಮಡಿಸಿದ ಬಲಗೈ ಎದೆಯ ಹತ್ತಿರ ಒಂದು ತಟ್ಟೆಯನ್ನೋ ಬಟ್ಟೆಯನ್ನೋ ಒತ್ತಿ ಹಿಡಿಯಬಲ್ಲದು. ಅದಕ್ಕೆ ತಕ್ಕಂತೆ ಒಂದು ಹಲಗೆ. ನೀರು ಹೊರುವಂತಿಲ್ಲ, ಹೊರಗೆ ನಿಂತು ನಾನು ಕೊಡ ಸುರಿದರೆ ಗೋಡೆಯ ತೂಬಿನಿಂದ ಒಳಗಿನ ಕಲ್ಲುಬಾನಿಗೆ ಬೀಳಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಮುದ್ದೆ. ನೆಲದ ಮೇಲಾದರೆ ಗಡಿಗೆ ತಿರುಗದಂತೆ ಕವೆಗೋಲನ್ನು ಅಡ್ಡ ಕೊಟ್ಟು, ಎರಡೂ ಪಾದದಿಂದ ಅದುಮಿ, ಎರಡು ಕೈಯಿಂದ ತೊಳಸುತ್ತೇವೆ. ನಿಂತವರಿಗೆ ಪಾದ ಎಲ್ಲಿ? ಒಂದು ಕೈಯವರಿಗೆ ಬಲ ಎಲ್ಲಿ? ನನ್ನ ಗಂಡ ಬಹಳ ಯೋಚಿಸಿ, ಕಟ್ಟೆಯ ಚಪ್ಪಡಿಯಲ್ಲಿ ಗಡಿಗೆ ಅರ್ಧದವರೆಗೆ ಇಳಿದು ಕೂರುವಂಥ ಗುಂಡನೆಯ ಕುಳಿ ಕೊರೆಸೋಣ, ಸಂದಿಗೆ ಎರಡು ಮರದ ಬೆಣೆ ಜಡಿದರೆ ಅದು ಅಲುಗುವುದಿಲ್ಲ ಎಂದರು.

ಒಂದು ಭಾನುವಾರ ಮಧ್ಯಾಹ್ನ ತೊಟ್ಟಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಇಡೀ ಅಡುಗೆಮನೆಯನ್ನು ಅದರ ಅಳತೆಯಲ್ಲೇ ಬರೆದೆ. ಇಲ್ಲಿ ಕಟ್ಟೆ, ಇಲ್ಲಿ ಕುಳಿ, ಇಲ್ಲಿ ಬಾನಿ. ಅಕ್ಕನನ್ನು ಕೈಹಿಡಿದು ಗೆರೆಯೊಳಗೆ ಕರೆತಂದೆ. ಅವರು ಸುಮ್ಮನೆ ಓಡಾಡಿದರು. ಎಡಗೈ ಚಾಚಿ ಇಲ್ಲದ ಉಪ್ಪು ತೆಗೆದರು. ನನಗೆ ಖುಷಿ ಉಕ್ಕಿ ಬಂತು. ಆಗ ಅವರು ನಿಂತು ಸುತ್ತಲೂ ನೋಡಿ ಕೇಳಿದರು:

"ಬಾಗ್ಲೆಲ್ಲಿ?"

"ಇಲ್ಲೇ ಐತಲ್ಲಕ್ಕ," ಎಂದು ತೋರಿಸಿದೆ.

"ಅದು ಒಳಕ್ಕೆ ಬರಾ ಬಾಗ್ಲು. ಆಚೆಗೆ ಓಡೋಗಾ ಬಾಗ್ಲೆಲ್ಲಿ?"

ಎತ್ತರ, ಗೂಡು, ಕುಳಿ ಎಂದು ಇಷ್ಟು ದಿನ ತಲೆ ಕೆಡಿಸಿಕೊಂಡ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಬಾವ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಆ ಮಾತು ಕೇಳಿದ್ದೇ ಹಗ್ಗ ಅಲ್ಲೇ ಬಿಟ್ಟು ಎದ್ದು ಹೊಲದ ಕಡೆ ಹೋದರು.

ಹೊರಗಿನ ಬಾಗಿಲು ಇಡಬೇಕಾದರೆ ಪಡುವಣ ಗೋಡೆ ಒಡೆಯಬೇಕಿತ್ತು. ಬೇರೆ ಕಡೆ ಜಾಗವಿರಲಿಲ್ಲ. ಒಂದು ಪಕ್ಕ ಕೊಟ್ಟಿಗೆ, ಇನ್ನೊಂದು ಪಕ್ಕ ದೇವರ ಕೋಣೆ. ಅತ್ತೆ ಇದಕ್ಕೆ ಸುತರಾಂ ಒಪ್ಪಲಿಲ್ಲ. ಹಿರಿಯರ ಗೋಡೆ, ಅಡುಗೆಮನೆ ದಾರಿಹೋಕರ ಕಣ್ಣಿಗೆ ಬೀಳುತ್ತದೆ, ದಿಬ್ಬದ ಧೂಳು ನೇರ ಅನ್ನಕ್ಕೆ ಬೀಳುತ್ತದೆ ಎಂದರು. ಕೊನೆಯದು ಸುಳ್ಳಲ್ಲ. ಮನೆಯೊಳಗೆ ಕೆಲವು ದಿನ ಬಡಿಸುವ ಸೌಟಿನ ಸದ್ದು ಮಾತ್ರ.

ಕೊನೆಗೆ ಅಕ್ಕನೇ ಅತ್ತೆಯ ಮುಂದೆ ಹೋಗಿ ನಿಂತರು. ನಾನು ಅಲ್ಲೇ ರಾಗಿ ಕೇರುತ್ತಿದ್ದೆ.

"ಅತ್ತೆ, ಆ ಬಾಗ್ಲು ಇಲ್ದಿದ್ರೆ ನಾನು ಒಲೆ ಅಚ್ಚಕಿಲ್ಲ. ಕೊಂದ್ರೂ ಅಚ್ಚಕಿಲ್ಲ. ನಿಮಗೆ ಬ್ಯಾರೆ ಸೊಸೆ ಬೇಕಂದ್ರೆ ತಂದ್ಕಳಿ. ಅವಳ್ಗೂ ಬಾಗ್ಲು ಬೇಕಾಯ್ತದೆ."

ಅತ್ತೆ ತಲೆ ಎತ್ತಲಿಲ್ಲ. ಆದರೆ ಮಾರನೆಯ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಪಡುವಣ ಗೋಡೆಯ ನಡುವೆ ಅರಿಶಿನ ಕುಂಕುಮ ಹಚ್ಚಿ, ಒಂದು ಹೂವು ಸಿಕ್ಕಿಸಿದ್ದರು.

ಮೇಸ್ತ್ರಿ ಲೈನಿನಿಂದ ಬಂದ. ಗೋಡೆ ಒಡೆಯುವ ದಿನ ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು. ಮಾಳಿಗೆಯ ಮಣ್ಣಿನ ಭಾರವೆಲ್ಲ ಆ ಗೋಡೆಯ ಮೇಲೆ. ಶೆಡ್ಡಿನಲ್ಲಿ ಮಾಡುವ ಹಾಗೆಯೇ ತೊಲೆಗಳ ಕೆಳಗೆ ಆನಿಕೆ ಕೊಟ್ಟು, ಒಂದೊಂದಕ್ಕೂ ಕಿವಿ ಇಟ್ಟು ಕೇಳಿದರು. ಮಣ್ಣು ಉದುರಿತು, ತೊಲೆ ಒಮ್ಮೆ ಕಿರ್ ಎಂದಿತು, ಅತ್ತೆ ಹೊರಗೆ ಕೂತು ದೇವರನ್ನು ಕೂಗಿದರು. ಸಂಜೆ ಹೊತ್ತಿಗೆ ಒಡೆದ ಕಡೆ ಬಾಗಿಲಿಗೆ ಕಲ್ಲಿನ ತೊಲೆ ಮೇಲೇರಿ ಕೂತಿತು. ಗೋಡೆ ನಿಂತಿತು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿದರು. ಧೂಳಿಗೆ, ದಾರಿಯ ಕಣ್ಣಿಗೆ ಎಂದು ಅದರ ಮುಂದೆ ಎರಡು ಮಾರು ಬಿಟ್ಟು ಒಂದು ಅಡ್ಡಗೋಡೆ ಕಟ್ಟಿಸಿದೆವು.

ಅಡುಗೆಮನೆ ಸಿದ್ಧವಾಯಿತು. ಕಟ್ಟೆಯ ಚಪ್ಪಡಿ ಕನ್ನಡಿಯಂತೆ ನುಣುಪು. ಹಾಲು ಉಕ್ಕಿಸುವ ದಿನ ಅಕ್ಕ ಹೊಸ ಸೀರೆಯುಟ್ಟು ಬಂದು, ಒಲೆಯ ಮುಂದೆ ನಿಂತು, ಕಡ್ಡಿ ಗೀರಲು ಹೋಗಿ ಕೆಳಗೆ ಬೀಳಿಸಿದರು. ಇನ್ನೊಂದು ಕಡ್ಡಿ. ಆಮೇಲೆ ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಕಂಬದ ಹತ್ತಿರ ಹೋದರು. ಹಾಲು ನಾನೇ ಉಕ್ಕಿಸಿದೆ. ಅತ್ತೆ, "ಇದಕ್ಕಾ ಗೋಡೆ ಒಡೆದಿದ್ದು?" ಎಂದರು. ನನಗೆ ಅಳು ಬಂತು. ಅಕ್ಕನ ಮೇಲೆ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಬರಬರುತ್ತ ಅಕ್ಕ ಒಳಗೆ ಬಂದು ನಿಲ್ಲುತ್ತಿದ್ದರು. ಬೆಂಕಿ ನಾನು ಹಚ್ಚಿದರೆ ಅವರು ಸಾರು ಕಲಕುತ್ತಿದ್ದರು. ಒಂದು ಕಣ್ಣು ಯಾವಾಗಲೂ ಆ ಬಾಗಿಲ ಮೇಲೆ. ಅದನ್ನು ಮುಚ್ಚಲು ಬಿಡುತ್ತಿರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಮುಂಚೆ ನಾನು ಕೊಟ್ಟಿಗೆಯಲ್ಲಿದ್ದೆ. ನೆಲದೊಳಗೆ ಏನೋ ಗುಡುಗಿದಂತಾಯಿತು. ಗಣಿಯ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲಿನ ನೆಲ ಹೀಗೆ ಅದುರುತ್ತಿತ್ತು. ಏರ್ ಬ್ಲಾಸ್ಟ್ ಎಂದು ಎಲ್ಲರ ಬಾಯಲ್ಲೂ ಇದ್ದ ಮಾತು ಅದು. ಸಣ್ಣಪುಟ್ಟದ್ದು ನಮಗೆ ರೂಢಿ. ಇದು ಹಾಗಿರಲಿಲ್ಲ. ಎಮ್ಮೆ ಹಗ್ಗ ಜಗ್ಗಿತು, ಮಾಳಿಗೆಯಿಂದ ಮಣ್ಣು ಸುರಿಯಿತು, ಒಳಗೆ ಪಾತ್ರೆಗಳು ಬಿದ್ದ ಸದ್ದು. ಅಕ್ಕ ಒಲೆಯ ಮುಂದೆ ಒಬ್ಬರೇ ಇದ್ದರು. ನಾನು ಹೊಟ್ಟೆ ಹಿಡಿದುಕೊಂಡು ಸುತ್ತು ಹಾಕಿ ಓಡಿದೆ.

ಅವರು ಅಡ್ಡಗೋಡೆಯ ಆಚೆ, ಬಯಲಿನಲ್ಲಿ ನಿಂತಿದ್ದರು. ತಲೆಯ ಮೇಲೆಲ್ಲ ಮಣ್ಣು. ಸೆರಗನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ನನ್ನನ್ನು ನೋಡಿ, "ಬಂದ್ಬಿಟ್ಟೆ ಕಣೇ," ಎಂದರು. "ನಾನೇ ಬಂದ್ಬಿಟ್ಟೆ." ಆಮೇಲೆ ನಾನು ಬೇಡ ಬೇಡ ಎನ್ನುತ್ತಿದ್ದಂತೆ ಒಳಗೆ ಹೋಗಿ, ಬೆಂಕಿಯ ಮೇಲಿದ್ದ ಬೇಳೆಯ ಗಡಿಗೆಯನ್ನು ಪಕ್ಕಕ್ಕೆ ಜರುಗಿಸಿ, ಸೌದೆ ಎಳೆದು ನೀರು ಚಿಮುಕಿಸಿ ಬಂದರು. ಹೊಗೆಗೂಡು ಉದ್ದಕ್ಕೂ ಬಿರಿದಿತ್ತು. ನನ್ನ ಗಂಡ ಕತ್ತಲಾಗುವ ಹೊತ್ತಿಗೆ ಕ್ಷೇಮವಾಗಿ ಮನೆ ಸೇರುವವರೆಗೆ ನಾವು ಮೂವರು ಹೆಂಗಸರೂ ತಲೆಬಾಗಿಲಲ್ಲೇ ಕೂತಿದ್ದೆವು. ಅಂದು ಅತ್ತೆ ಅಕ್ಕನ ತಲೆಯ ಮಣ್ಣು ಕೊಡವಿದ್ದು ನೆನಪಿದೆ.

ಮರುದಿನದಿಂದ ಕಡ್ಡಿ ಅಕ್ಕನೇ ಗೀರಿದರು.

ಇನ್ನೆಲ್ಲ ಸರಿಹೋಯಿತು ಎಂದುಕೊಂಡೆ. ಅತ್ತೆಯೂ ಹಾಗೆಯೇ ಅಂದುಕೊಂಡಿರಬೇಕು, ಬಾವನನ್ನು ಕರೆದು, "ಆ ಎಣ್ಣಿನ ಮನೆಯೋರ್ಗೆ ಬ್ಯಾಡ ಅಂತ ಯೋಳ್ಬಿಡಪ್ಪ. ಇವಳು ಮಾಡ್ತಾವ್ಳಲ್ಲ," ಎಂದರು. ಬಾವ ತಮ್ಮ ಸುಟ್ಟ ಅಂಗೈ ನೋಡಿಕೊಂಡರು.

"ಅಡುಗೆದಲ್ಲಮ್ಮ," ಎಂದರು. "ಅವಳ್ನ ಕಂಡ್ರೆ ನಂಗೆ ಆವತ್ತಿನ ವಾಸ್ನೆ ಬತ್ತದೆ. ಅನ್ನ ಇಳಿಯಾಕಿಲ್ಲ. ಮಾತು ಕೊಟ್ಟಾಗೈತೆ."

"ಬೆಂಕಿಯಿಂದ ಎಳ್ಕೊಂಡ್ ಬಂದೋನು ನೀನೇ ಕಣಪ್ಪ."

"ಅದ್ಕೇ."

ಅವರ ಮೇಲೆ ನನಗೆ ಹೇಸಿಗೆ ಹುಟ್ಟಬೇಕಿತ್ತು. ಆದರೆ ಆ ಮುಖ ನೋಡಿದಾಗ ಏನೆಂದುಕೊಳ್ಳಬೇಕೋ ತಿಳಿಯಲಿಲ್ಲ. ಗಣಿಯ ಹೆಂಗಸರ ಬಾಯಲ್ಲಿ ಕೇಳಿದ್ದೆ, ಕುಸಿದ ಸುರಂಗದಿಂದ ಜೊತೆಯವನನ್ನು ಹೊತ್ತು ತಂದವನು ಆಮೇಲೆ ಆ ಜೊತೆಯವನ ಮನೆ ಕಡೆಯೇ ಹೋಗುವುದಿಲ್ಲ ಎಂದು. ಅದು ಅರ್ಥವಾಗುತ್ತದೆ. ಆದರೆ ಇಲ್ಲಿ ಎಳೆದು ತಂದದ್ದು ಹೆಂಡತಿಯನ್ನು.

ಮದುವೆಗೆ ಬಾವ ಒಬ್ಬರೇ ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಹೋದರು. ಅತ್ತೆ ಹೋಗಲಿಲ್ಲ, ನನ್ನ ಗಂಡನೂ ಹೋಗಲಿಲ್ಲ. ಅಕ್ಕ ಆ ದಿನ ಗಡಿಗೆಯನ್ನು ಕುಳಿಗೆ ಇಳಿಸಿ, ಬೆಣೆ ಜಡಿದು, ಮೊದಲ ಬಾರಿಗೆ ಪೂರ್ತಿ ತಾವೇ ಮುದ್ದೆ ತೊಳಸಿದರು. ಬೆವರು ಕತ್ತಿನ ಸುಟ್ಟ ಕಲೆಯ ಮೇಲೆ ಇಳಿಯುತ್ತಿತ್ತು. ನಾನು ಕೈ ಹಾಕಲು ಹೋದರೆ, "ಬುಡು," ಎಂದರು. ಮುದ್ದೆಯಲ್ಲಿ ಗಂಟಿತ್ತು. ಎಲ್ಲರೂ ನುಂಗಿದೆವು.

ಬಂದವಳು ನನ್ನ ವಯಸ್ಸಿನ ಹುಡುಗಿ. ಕುಳ್ಳಗೆ, ಹೆದರಿದ ಕಣ್ಣು. ಕನ್ನಡಕ್ಕಿಂತ ತೆಲುಗೇ ಹೆಚ್ಚು. ಅಕ್ಕನ ಅಡುಗೆಮನೆಗೆ ಒಮ್ಮೆ ಬಂದು ನಿಂತಳು. ಕಟ್ಟೆ ಅವಳ ಎದೆಗೆ ಬರುತ್ತಿತ್ತು. ಗೂಡಿನ ಉಪ್ಪು ಎಟುಕಲಿಲ್ಲ. ಎಲ್ಲವೂ ಎಡಕ್ಕೆ ಇದ್ದದ್ದು ಕಂಡು ಅವಳ ಕೈ ತಡವರಿಸಿತು. ಅವಳು ಮತ್ತೆ ಆ ಕಡೆ ಬರಲಿಲ್ಲ. ಬಾವ ಹಳೆಯ ಅಡುಗೆಮನೆಯ ಒಡೆದಿದ್ದ ಬಾಗಿಲು ಸರಿಮಾಡಿಸಿ ತೆರೆಸಿಕೊಟ್ಟರು. ಹೀಗೆ ಮುತ್ತಜ್ಜನ ಮನೆಯಲ್ಲಿ ಎರಡು ಒಲೆಯಾದವು. ಅತ್ತೆ ಯಾವ ಒಲೆಯನ್ನು ಮುಟ್ಟಬೇಡಿ ಎಂದಿದ್ದರೋ ಅದನ್ನು ಬಿಟ್ಟು, ತಮ್ಮ ತಟ್ಟೆ ತೆಗೆದುಕೊಂಡು ಅಕ್ಕನ ಕಡೆಗೆ ಬಂದು ಕೂತರು.

ಆ ಹುಡುಗಿ ಹೊಗೆಯಲ್ಲಿ ಕೆಮ್ಮುವುದು ಗೋಡೆಯಾಚೆಗೆ ದಿನಾ ಕೇಳಿಸುತ್ತಿತ್ತು. ಕೆಲವು ದಿನ ಅಕ್ಕ ಕೇಳಿಸದವರಂತೆ ಇದ್ದರು. ಆಮೇಲೆ ನನ್ನ ಗಂಡನನ್ನು ಕರೆದು, "ಅವಳ್ಕಡೆ ಬಾಗ್ಲ ಕಿತ್ತು ಆಚೆಗೆ ತೆಗೆಯಂಗೆ ಮಡಗಪ್ಪ. ಸೌದೆ ಅಲ್ಲಿಂದ ಎತ್ತಿಸು," ಎಂದರು. ಇವರು ಅಂದೇ ಮಾಡಿಕೊಟ್ಟರು. ಹುಡುಗಿಗೆ ಯಾರು ಹೇಳಿ ಮಾಡಿಸಿದ್ದು ಎಂದು ನಾವು ತಿಳಿಸಲಿಲ್ಲ. ಅವಳಿಗೆ ತಿಳಿದಿತ್ತೋ ಏನೋ. ಅಕ್ಕ ತೊಟ್ಟಿಯಲ್ಲಿ ಹಾದುಹೋದರೆ ಎದ್ದು ನಿಲ್ಲುತ್ತಿದ್ದಳು.

ನನ್ನ ಮಗಳು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಆ ಹುಡುಗಿ ಹೆರಿಗೆಗೆ ತೌರಿಗೆ ಹೋದಳು. ಬಾವ ಎರಡು ಹೊತ್ತು ಬಜಾರಿನ ಇಡ್ಲಿಯಲ್ಲೇ ಕಳೆದರು. ಮೂರನೆಯ ಹೊತ್ತಿಗೆ ಅಕ್ಕನ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು. ಎರಡನೆಯ ಮದುವೆಯಾದ ಮೇಲೆ ಅವರು ಆ ಕಡೆ ಬಂದದ್ದು ಅದೇ ಮೊದಲು. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಅಕ್ಕ ತಿರುಗಿ ನೋಡದೆ ಸಾರಿಗೆ ಉಪ್ಪು ಹಾಕಿದರು. "ತಟ್ಟೆ ಅಲ್ಲೈತೆ. ಇಟ್ಟು ಇಲ್ಲೈತೆ. ಬಡಿಸ್ಕೊಂಡು ಉಣ್ಣಿ," ಎಂದರು.

ಬಾವನಿಗೆ ಜೀವಮಾನದಲ್ಲಿ ತಾವೇ ಬಡಿಸಿಕೊಂಡು ಗೊತ್ತಿರಲಿಲ್ಲ. ತಟ್ಟೆ ತೆಗೆದರು, ಸೌಟು ಹುಡುಕಿದರು, ಸಾರು ಚೆಲ್ಲಿದರು. ನಾನು ಏಳಲು ಹೋದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. ಬಾವ ತಟ್ಟೆ ಹಿಡಿದುಕೊಂಡು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಒಂದು ತುತ್ತು ಮುರಿದು ಬಾಯಿಗೆ ಹಾಕಿದರು. ಅದು ಇಳಿಯಿತೋ ಇಲ್ಲವೋ ನನಗೆ ಕಾಣಲಿಲ್ಲ, ಅವರ ಬೆನ್ನು ನಮ್ಮ ಕಡೆಗಿತ್ತು. ಅಕ್ಕ ಕಟ್ಟೆ ಒರೆಸುತ್ತಿದ್ದರು.